ಬೋಟಿನ ಮೋಟಾರು ಬಿಸಿಯಾಗುತ್ತಿದೆಯೇ? ನೀರು ಹೋಗುವ ದಾರಿ ಹಿಡಿದು ನೋಡಿ

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ಅಣ್ಣತಮ್ಮಂದಿರು ಸೇರಿ ಒಂದು ದೊಡ್ಡ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದೇವೆ. ಇಷ್ಟು ದಿನ ಹರಿಗೋಲಿನಲ್ಲೇ ಬಲೆ ಬಿಡುತ್ತಿದ್ದೆವು. ಈ ವರ್ಷ ಒಂದು ಫೈಬರ್ ದೋಣಿ ಮಾಡಿಸಿದೆವು. ಮಂಗಳೂರು ಕಡೆಯಿಂದ 8 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದೆವು. ನಿಧಾನಕ್ಕೆ ಓಡಿಸಿದರೆ ತೊಂದರೆ ಇಲ್ಲ. ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಹೋದರೆ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಳೆಯುವುದೇ ಇಲ್ಲ. ಆರಿದ ಮೇಲೆ ಮತ್ತೆ ಸರಿ. ಹಿಂದಿನ ತೂತಿನಿಂದ ನೀರು ಬರುತ್ತಲೇ ಇದೆ, ಆದರೆ ಸಣ್ಣಗೆ. ಊರಿನ ಬೈಕ್ ಮೆಕ್ಯಾನಿಕ್ ಪಿಸ್ಟನ್ ಹೋಗಿದೆ, ಇಂಜಿನ್ ಬಿಚ್ಚಬೇಕು ಎನ್ನುತ್ತಾರೆ. ನೀರು ಬರುತ್ತಿದೆ ಅಂದಮೇಲೆ ಕೂಲಿಂಗ್ ಸರಿಯಿದೆ ಅಂತಲ್ವಾ? ನಾವೇ ಏನೇನು ನೋಡಬಹುದು?

ಉತ್ತರ: ಈಗಲೇ ಇಂಜಿನ್ ಬಿಚ್ಚಿಸಬೇಡಿ. ಹಾಗೆಯೇ, ಕಾರಣ ಸಿಗುವ ತನಕ ಪೂರ್ತಿ ವೇಗದಲ್ಲಿ ಓಡಿಸಲೂಬೇಡಿ. ಎರಡನೆಯದು ಜಾಸ್ತಿ ಮುಖ್ಯ.

ಬಿಸಿಯಾದಾಗ ಎಳೆತ ಕಳೆದುಕೊಂಡು, ಆರಿದ ಮೇಲೆ ಮತ್ತೆ ಸರಿಹೋಗುತ್ತಿದೆ ಎಂದಿದ್ದೀರಿ. ಅದರ ಅರ್ಥ ಇಷ್ಟು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಒತ್ತಿ ಹಿಡಿಯಲು ಶುರು ಮಾಡಿದೆ. ಆರಿದಾಗ ಕುಗ್ಗಿ ಬಿಟ್ಟುಕೊಡುತ್ತಿದೆ. ಇನ್ನು ನಾಲ್ಕು ಸಲ ಹೀಗಾದರೆ ಪಿಸ್ಟನ್ ಮೇಲೆ ಗೀರು ಬಿದ್ದು, ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜವಾಗುತ್ತದೆ. ಇವತ್ತಿಗೆ ಅದು ಉಳಿದಿರುವ ಸಾಧ್ಯತೆ ಇದೆ. ಅವರ ತಪ್ಪೇನಿಲ್ಲ ಬಿಡಿ. ಹೆಚ್ಚಿನ ಬೈಕ್ ಇಂಜಿನ್ ಗಾಳಿಯಿಂದ ತಣ್ಣಗಾಗುತ್ತದೆ. ಬೋಟಿನ ಮೋಟಾರಿಗೆ ಕೆರೆಯ ನೀರೇ ಉಸಿರು.

ಈಗ ನಿಮ್ಮ ಪ್ರಶ್ನೆ. ತೂತಿನಿಂದ ನೀರು ಬರುತ್ತಿದ್ದರೆ ಕೂಲಿಂಗ್ ಸರಿಯಿದೆಯೇ? ಇಲ್ಲ, ಅಷ್ಟೇ ಸಾಲದು. ಮದ್ದೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬಂದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬಂತು ಅಂತೇನೂ ಅಲ್ಲ, ಅಲ್ವಾ? ನಡುವೆ ತೂಬು ಕೆಟ್ಟಿರಬಹುದು. ಹೂಳು ತುಂಬಿರಬಹುದು. ಮೋಟಾರಿನ ಒಳಗೂ ಇದೇ ಕಥೆ.

ನೀರಿನ ದಾರಿ ಹೀಗಿದೆ. ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ಸ್ವಲ್ಪ ಮೇಲೆ, ಕೆಳಗಿನ ಗೇರ್ ಡಬ್ಬಿಯ ಅಕ್ಕಪಕ್ಕದಲ್ಲಿ ಜಾಲರಿಯ ಹಾಗೆ ಸೀಳುಗಳಿವೆ. ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಅದರ ಮೇಲೆ ಒಂದು ಪುಟ್ಟ ಪಂಪು. ಪಂಪಿನ ಒಳಗೆ ರಬ್ಬರಿನ ಇಂಪೆಲ್ಲರ್, ಹೂವಿನ ದಳದ ಹಾಗೆ ರೆಕ್ಕೆಗಳಿರುವುದು. ಇಂಜಿನ್ನಿನಿಂದ ಇಳಿದು ಬರುವ ಶಾಫ್ಟೇ ಅದನ್ನು ತಿರುಗಿಸುತ್ತದೆ. ಪಂಪು ಒತ್ತಿದ ನೀರು ಒಂದು ಸಣ್ಣ ಪೈಪಿನಲ್ಲಿ ಮೇಲಕ್ಕೆ ಹೋಗಿ, ಸಿಲಿಂಡರಿನ ಸುತ್ತ, ಅದರ ತಲೆಯ ಮುಚ್ಚಳದ, ಅಂದರೆ ಹೆಡ್ಡಿನ ಸುತ್ತ ಓಡಾಡುತ್ತದೆ. ಆಮೇಲೆ ಥರ್ಮೋಸ್ಟಾಟ್ ಎಂಬ ತೂಬು ದಾಟಿ, ಹೊಗೆಯ ಜೊತೆ ಕೆಳಗೆ ಕೆರೆಗೆ ಬೀಳುತ್ತದೆ. ನೀವು ನೋಡುವ ತೂತು, ಅಂದರೆ ಟೆಲ್‌ಟೇಲ್, ಈ ದಾರಿಯ ನಡುವೆ ತೆಗೆದ ಒಂದು ಕವಲು ಮಾತ್ರ. ಬಹುಪಾಲು ಚಿಕ್ಕ ಮೋಟಾರುಗಳಲ್ಲಿ ಈ ಕವಲು ಥರ್ಮೋಸ್ಟಾಟಿಗಿಂತ ಮೊದಲೇ ಒಡೆಯುತ್ತದೆ. ಹಾಗಾಗಿ ತೂಬು ಪೂರ್ತಿ ಮುಚ್ಚಿಕೊಂಡಿದ್ದರೂ ಟೆಲ್‌ಟೇಲಿನಲ್ಲಿ ನೀರು ಚಿಮ್ಮುತ್ತಲೇ ಇರಬಹುದು. ಅದು ಹೇಳುವುದು ಒಂದೇ ಮಾತು: ಪಂಪು ಒಂದಿಷ್ಟು ನೀರು ಎತ್ತುತ್ತಿದೆ.

ಆದರೂ ಆ ನೀರನ್ನು ಗಮನವಿಟ್ಟು ನೋಡಿದರೆ ಬಹಳ ತಿಳಿಯುತ್ತದೆ. ಸಣ್ಣಗೆ, ತಣ್ಣಗೆ ಬರುತ್ತಿದ್ದರೆ ಮೊದಲು ಟೆಲ್‌ಟೇಲಿನ ನಳಿಗೆಯನ್ನೇ ಅನುಮಾನಿಸಿ. ಸಣ್ಣಗೆ, ಬಿಸಿಯಾಗಿ ಬರುತ್ತಿದ್ದರೆ ನೀರೇ ಸಾಕಷ್ಟು ಮೇಲೇರುತ್ತಿಲ್ಲ. ಜೋರಾಗಿ ಬಂದರೂ ಕೈ ಇಡಲಾಗದಷ್ಟು ಬಿಸಿ ಇದ್ದರೆ ಮೇಲುಗಡೆ ಎಲ್ಲೋ ಕಟ್ಟಿಕೊಂಡಿದೆ. ನಡುನಡುವೆ ಉಗುಳಿದ ಹಾಗೆ, ಗಾಳಿ ಸೇರಿ ಬಂದರೆ ಪಂಪು ಗಾಳಿ ಎಳೆಯುತ್ತಿದೆ, ಇಲ್ಲವೇ ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಬಿಟ್ಟು ಹೊಗೆ ನೀರಿಗೆ ಸೇರುತ್ತಿದೆ. ನೀವು ನೀರು ಬಿಸಿಯೋ ತಣ್ಣಗೋ ಬರೆದಿಲ್ಲ. ಅದನ್ನು ಮೊದಲು ನೋಡಿ.

ನಿಧಾನಕ್ಕೆ ಹೋದರೆ ಸರಿ, ಜೋರಾಗಿ ಹೋದರೆ ಮಾತ್ರ ಬಿಸಿ. ನನಗೆ ದೊಡ್ಡ ಸುಳಿವು ಇದೇ. ನಿಧಾನಕ್ಕೆ ತಿರುಗುವಾಗ ಇಂಪೆಲ್ಲರಿನ ರೆಕ್ಕೆಗಳು ಪಂಪಿನ ಗೋಡೆಗೆ ಒತ್ತಿಕೊಂಡು ನೀರನ್ನು ಸೌಟಿನಲ್ಲಿ ಮೊಗೆದ ಹಾಗೆ ತಳ್ಳುತ್ತವೆ. ವೇಗ ಹೆಚ್ಚಿದಾಗ ರೆಕ್ಕೆಗಳು ಬಾಗಿ ಗೋಡೆ ಬಿಡುತ್ತವೆ, ಆಗ ನೀರನ್ನು ಸುತ್ತಿಸಿ ಎಸೆಯುತ್ತವೆ. ರೆಕ್ಕೆ ಮಾತ್ರ ಸವೆದಿದ್ದರೆ ತೊಂದರೆ ನಿಧಾನದಲ್ಲೇ ಮೊದಲು ಕಾಣಬೇಕು. ಜೋರಿನಲ್ಲಿ ಮಾತ್ರ ಕಂಡರೆ, ಬೇಕಾದಷ್ಟು ನೀರು ಒಳಗೆ ಬರುತ್ತಿಲ್ಲ ಅಥವಾ ಬಂದ ನೀರು ಹೊರಗೆ ಹೋಗಲು ದಾರಿ ಇಲ್ಲ. ಹಾಗಂತ ಇಂಪೆಲ್ಲರ್ ಬಿಡಬೇಡಿ. ಸೆಕೆಂಡ್‌ಹ್ಯಾಂಡ್ ಮೋಟಾರಿನಲ್ಲಿ ಅದನ್ನು ಯಾವಾಗ ಹಾಕಿದ್ದಾರೋ ಯಾರಿಗೆ ಗೊತ್ತು?

ಕಾಸು ಖರ್ಚಿಲ್ಲದ ಕೆಲಸದಿಂದ ಶುರು ಮಾಡೋಣ. ಒಂದು ಟೇಪು ತೆಗೆದುಕೊಳ್ಳಿ. ಫ್ಯಾನಿನ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ರೆಕ್ಕೆ ಇರುತ್ತದೆ. ಮೋಟಾರು ನೇರವಾಗಿ ಕೂತಾಗ ಆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗಿರಬೇಕು. ಚಿಕ್ಕ ಮೋಟಾರುಗಳು ಎರಡು ಅಳತೆಯಲ್ಲಿ ಬರುತ್ತವೆ. ದೋಣಿಯ ಹಿಂದೆ ಮೋಟಾರು ಕೂರಿಸುವ ಹಲಗೆಯ ಎತ್ತರ ನೋಡಿ: ಶಾರ್ಟ್ ಶಾಫ್ಟ್ ಸುಮಾರು 15 ಇಂಚಿನ ಹಲಗೆಗೆ, ಲಾಂಗ್ ಶಾಫ್ಟ್ ಸುಮಾರು 20 ಇಂಚಿನ ಹಲಗೆಗೆ. ನಿಮ್ಮ ದೋಣಿ ಹೊಸದಾಗಿ ಮಾಡಿಸಿದ್ದು, ಮೋಟಾರು ಬೇರೆ ಯಾರದೋ ದೋಣಿಯಲ್ಲಿ ಇದ್ದದ್ದು. ದೋಣಿ ಮಾಡಿದವರು ಹಿಂದಿನ ಹಲಗೆಯನ್ನು 18 ಇಂಚು ಇಟ್ಟು, ನಿಮ್ಮದು ಶಾರ್ಟ್ ಶಾಫ್ಟ್ ಆಗಿದ್ದರೆ ರೆಕ್ಕೆ ತಳಕ್ಕಿಂತ ಮೇಲೆ ಕೂರುತ್ತದೆ. ನಿಧಾನಕ್ಕೆ ಹೋಗುವಾಗ ಸೀಳುಗಳು ನೀರಿನಲ್ಲೇ ಇರುತ್ತವೆ. ಜೋರಾದಾಗ ದೋಣಿ ಎದ್ದು, ಹಿಂದೆ ನೊರೆ ಬಂದು, ಪಂಪು ನೀರಿನ ಜೊತೆ ಗಾಳಿ ಕುಡಿಯುತ್ತದೆ. ನೀವು ಬರೆದ ಲಕ್ಷಣವೇ. ಇದು ನಿಜವಾದರೆ ಹಲಗೆಯನ್ನು ನಡುವೆ ತಗ್ಗಿಸಿ ಕೊಯ್ಯಿಸಿ, ಕೊಯ್ದ ಅಂಚಿಗೆ ಫೈಬರ್ ಹಚ್ಚಿಸಿ. ಕೆಲಸ ಮುಗಿಯಿತು. ತಗ್ಗಿಸಿದ ಮೇಲೆ ಹಿಂದಿನಿಂದ ನೀರು ಒಳಗೆ ನುಗ್ಗದ ಹಾಗೆ ಭಾರ ಮುಂದಕ್ಕೆ ಹಂಚಿಕೊಳ್ಳಿ.

ಆಮೇಲೆ ಆ ಸೀಳುಗಳನ್ನು ನೋಡಿ. ನಮ್ಮ ಕೆರೆಗಳಲ್ಲಿ ಜೊಂಡು, ಅಂತರಗಂಗೆಯ ಬೇರು, ಹರಿದ ಬಲೆಯ ದಾರ, ಎಲ್ಲಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಕವರು. ಈ ಕವರಿನ ಆಟ ನೋಡಿ ಎಷ್ಟೋ ಜನ ದಾರಿ ತಪ್ಪಿದ್ದಾರೆ. ಓಡುವಾಗ ಪಂಪಿನ ಎಳೆತಕ್ಕೆ ಕವರು ಸೀಳಿಗೆ ಅಂಟಿಕೊಳ್ಳುತ್ತದೆ. ಮೋಟಾರು ನಿಲ್ಲಿಸಿದ ತಕ್ಷಣ ಕಳಚಿ ತೇಲಿ ಹೋಗುತ್ತದೆ. ಎತ್ತಿ ನೋಡಿದರೆ ಏನೂ ಇಲ್ಲ! ಮತ್ತೆ ಓಡಿಸಿದರೆ ಸರಿಯಾಗಿರುತ್ತದೆ. ಒಂದೇ ಒಂದು ದಿನ ಹೀಗಾದರೆ ಕವರು ಎನ್ನಬಹುದು. ನಿಮಗೆ ದಿನಾ ಆಗುತ್ತಿದೆ, ಹಾಗಾಗಿ ಅದೊಂದೇ ಕಾರಣ ಇರಲಾರದು. ಸೀಳಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಸಮುದ್ರದಲ್ಲಿ ಓಡಿದ ಮೋಟಾರಿನ ಸೀಳುಗಳ ಹಿಂದೆ ಒಣಗಿದ ಚಿಪ್ಪುಗಳು ಗಟ್ಟಿಯಾಗಿ ಕೂತಿರುವುದುಂಟು. ಮೇಲಿನಿಂದ ಬಣ್ಣ ಹೊಡೆದು ಮಾರಿದ್ದರೆ ಸೀಳೇ ಅರ್ಧ ಮುಚ್ಚಿರುತ್ತದೆ.

ಈಗ ಟೆಲ್‌ಟೇಲ್ ತೂತು. ಮೋಟಾರನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಇಟ್ಟರೆ ಕುಂಬಾರ ಹುಳ ಬಂದು ಆ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ನನ್ನ ಬಳಿಗೆ ಬಂದ ಒಂದು ಮೋಟಾರಿನಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಗೂಡು ಇತ್ತು. ಒಣ ಮಣ್ಣು, ಒಳಗೆ ಸತ್ತ ಜೇಡಗಳು. ತೆಗೆದ ಕೂಡಲೇ ನೀರು ಮೊದಲಿನ ಹಾಗೆ ಚಿಮ್ಮಿತು. ಬೈಂಡಿಂಗ್ ವೈರ್ ತೂರಿಸಬೇಡಿ. ಒಳಗಿನ ರಬ್ಬರ್ ಪೈಪು ತೂತಾಗುತ್ತದೆ, ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಗಾಳದ ದಪ್ಪ ನೈಲಾನ್ ದಾರ ನಿಮ್ಮ ಮನೆಯಲ್ಲೇ ಇರುತ್ತದಲ್ಲ, ಅದನ್ನು ನಿಧಾನಕ್ಕೆ ತೂರಿಸಿ ತಿರುಗಿಸಿ. ಮೇಲಿನ ಮುಚ್ಚಳ ತೆಗೆದು ಪೈಪನ್ನೇ ಕಳಚಿ ಊದಿ ನೋಡಿದರೆ ಇನ್ನೂ ಒಳ್ಳೆಯದು.

ಈ ಮೂರರಲ್ಲಿ ಉತ್ತರ ಸಿಗದಿದ್ದರೆ ಡ್ರಮ್ ಪರೀಕ್ಷೆ. 200 ಲೀಟರ್ ಡ್ರಮ್ಮಿನ ಬಾಯಿ ಕತ್ತರಿಸಿ, ಗಟ್ಟಿಯಾದ ಮರದ ಚೌಕಟ್ಟಿಗೆ ಮೋಟಾರನ್ನು ಬಿಗಿದು, ಆ ಚಪ್ಪಟೆ ರೆಕ್ಕೆಯ ಮೇಲೆ ಒಂದು ಗೇಣು ನೀರು ನಿಲ್ಲುವ ಹಾಗೆ ತುಂಬಿಸಿ. ಗೇರು ನ್ಯೂಟ್ರಲ್‌ನಲ್ಲೇ ಇರಲಿ. ಬಯಲಿನಲ್ಲೇ ಮಾಡಿ, ಶೆಡ್ಡಿನ ಒಳಗೆ ಹೊಗೆ ತುಂಬಿದರೆ ಪ್ರಾಣಕ್ಕೆ ಅಪಾಯ. ಮುಚ್ಚಳ ತೆಗೆದು ಓಡಿಸುವಾಗ ಹೆಗಲ ಮೇಲಿನ ಟವೆಲ್ ಪಕ್ಕಕ್ಕಿಡಿ. ಮೇಲೆ ತಿರುಗುವ ಫ್ಲೈವೀಲಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ನೀರಿಲ್ಲದೆ ಮಾತ್ರ ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಪಂಪಿನ ರಬ್ಬರಿಗೆ ನೀರೇ ಎಣ್ಣೆ. ಕೆಲವೇ ಸೆಕೆಂಡ್ ಒಣಗಿ ತಿರುಗಿದರೂ ಸಾಕು, ರೆಕ್ಕೆಯ ತುದಿ ಸುಡುತ್ತದೆ.

ಸ್ಟಾರ್ಟ್ ಆದ ಮೇಲೆ ಒಂದು ಲೀಟರಿನ ನೀರಿನ ಬಾಟಲಿಯನ್ನು ಟೆಲ್‌ಟೇಲಿಗೆ ಹಿಡಿಯಿರಿ. ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಮೊಬೈಲಿನಲ್ಲಿ ನೋಡಿ, ಮುಚ್ಚಳದ ಒಳಗಡೆ ಮಾರ್ಕರಿನಲ್ಲಿ ಬರೆದಿಡಿ. ಇಂಪೆಲ್ಲರ್ ಬದಲಾಯಿಸಿದ ಮೇಲೆ ಮತ್ತೆ ಹಿಡಿಯಿರಿ. ಈ ಎರಡು ಅಂಕಿ ನಿಮ್ಮ ಮೋಟಾರಿನ ಜಾತಕ ಇದ್ದ ಹಾಗೆ. ಮುಂದಿನ ವರ್ಷ ನೀರು ಸಣ್ಣಗಾಯಿತೋ ಇಲ್ಲವೋ ಎಂದು ಜಗಳ ಆಡಬೇಕಾಗಿಲ್ಲ. ಒಂದು ಎಚ್ಚರಿಕೆ ಇದೆ. ಡ್ರಮ್ಮಿನ ನೀರು ಹತ್ತು ನಿಮಿಷಕ್ಕೆ ತಾನೇ ಕಾಯುತ್ತದೆ. ಆಗ ಟೆಲ್‌ಟೇಲ್ ಬಿಸಿ ಬಂದರೆ ಅದು ಮೋಟಾರಿನ ದೋಷ ಅಲ್ಲ. ಜೊತೆಗೆ ಜೋರು ವೇಗದ ಭಾರ ಡ್ರಮ್ಮಿನಲ್ಲಿ ಸಿಗುವುದಿಲ್ಲ, ಕೊನೆಯ ಪರೀಕ್ಷೆ ಕೆರೆಯಲ್ಲೇ.

ಇಂಪೆಲ್ಲರ್ ಬಿಚ್ಚುವುದು ನಿಮ್ಮಿಂದ ಆಗುವ ಕೆಲಸವೇ. ಮೊದಲು ಪ್ಲಗ್ಗಿನ ವೈರ್ ಕಳಚಿ. ಗೇರ್ ಹಾಕುವ ಕಡ್ಡಿಯ ಜೋಡಣೆ ಬಿಡಿಸಿ. ಕೆಳಗಿನ ಡಬ್ಬಿಯನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಒಂದು ಬೋಲ್ಟು ಫ್ಯಾನಿನ ಮೇಲಿನ ಪುಟ್ಟ ರೆಕ್ಕೆಯ ಹಿಂದೆ ಅಡಗಿರುತ್ತದೆ, ಅದನ್ನು ಬಿಟ್ಟು ಎಳೆದಾಡಬೇಡಿ. ಸಮುದ್ರದಿಂದ ಬಂದ ಮೋಟಾರಿನ ಬೋಲ್ಟುಗಳು ಉಪ್ಪಿಗೆ ಹಿಡಿದುಕೊಂಡಿರುತ್ತವೆ. ಇಲ್ಲಿ ಅವಸರ ಮಾಡಿದವರು ಬೋಲ್ಟಿನ ತಲೆ ಮುರಿದುಕೊಂಡು, ಇಡೀ ದಿನ ಡ್ರಿಲ್ ಹಿಡಿದು ಕೂರುತ್ತಾರೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸುರಿದಿಡಿ. ಬೆಳಿಗ್ಗೆ ಬೋಲ್ಟನ್ನು ಸ್ವಲ್ಪ ಬಿಗಿ ಮಾಡುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿ, ಮತ್ತೆ ಸಡಿಲ. ಹಾಗೆ ಪುಸಲಾಯಿಸಿ ತೆಗೆಯಬೇಕು.

ಡಬ್ಬಿ ಕೈಗೆ ಬಂದ ಮೇಲೆ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ. ಯಾಕೆಂದರೆ ಇಂಪೆಲ್ಲರನ್ನು ಶಾಫ್ಟಿಗೆ ಕಚ್ಚಿಸುವ ಒಂದು ಪುಟ್ಟ ಕೀ ಇದೆ. ಅದು ಬಿದ್ದರೆ ಹುಲ್ಲಿನಲ್ಲಿ ಸಿಗುವುದಿಲ್ಲ. ಪಂಪಿನ ಮುಚ್ಚಳ ಎತ್ತಿ ರೆಕ್ಕೆಗಳನ್ನು ಎಣಿಸಿ. ಎಲ್ಲವೂ ಇದ್ದು, ನೆಟ್ಟಗೆ ನಿಂತಿದ್ದರೆ ಸರಿ. ಒಂದೇ ಕಡೆಗೆ ಬಾಗಿ ಹಾಗೇ ಸೆಟೆದುಕೊಂಡಿದ್ದರೆ, ಬುಡದಲ್ಲಿ ಬಿರುಕಿದ್ದರೆ, ತುದಿ ಹೊಳೆಯುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಇಂಪೆಲ್ಲರ್ ಕೂರುವ ಬಟ್ಟಲಿನ ಒಳಗೆ ಮತ್ತು ಕೆಳಗಿನ ತಗಡಿನ ಮೇಲೆ ಉಗುರು ಎಳೆಯಿರಿ. ಗೀರು ಉಗುರಿಗೆ ತಡೆದರೆ ಅವೂ ಹೊಸದು ಬೇಕು. ಮರಳು ಕುಡಿದ ಪಂಪಿನಲ್ಲಿ ಹೊಸ ರಬ್ಬರ್ ಮಾತ್ರ ಹಾಕಿದರೆ ದುಡ್ಡು ದಂಡ.

ಒಂದು ರೆಕ್ಕೆ ಕಡಿಮೆ ಇದ್ದರೆ? ಆ ತುಂಡು ಎಲ್ಲಿ ಹೋಯಿತು ಎಂದು ಹುಡುಕಲೇಬೇಕು. ದಯವಿಟ್ಟು ಇದನ್ನು ಬಿಡಬೇಡಿ. ಅದು ನೀರಿನ ಜೊತೆ ಮೇಲಕ್ಕೆ ಹೋಗಿ ಪೈಪಿನ ತಿರುವಿನಲ್ಲೋ, ಥರ್ಮೋಸ್ಟಾಟಿನ ಬಾಯಲ್ಲೋ ಕೂತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದರೂ ಮೋಟಾರು ಬಿಸಿಯಾಗುತ್ತಲೇ ಇದೆ ಎಂದು ತಂದವರ ಮೋಟಾರಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕೆಳಗಿನ ಡಬ್ಬಿ ಬಿಚ್ಚಿರುವಾಗಲೇ, ಮೇಲೆ ಹೋಗುವ ಪೈಪಿಗೆ ತೋಟದ ಪೈಪು ಹಿಡಿದು ಮೆಲ್ಲಗೆ ನೀರು ಬಿಡಿ. ಟೆಲ್‌ಟೇಲಿನಿಂದ ನೀರು ಧಾರಾಳವಾಗಿ ಬರಬೇಕು. ಇಲ್ಲಿಯೂ ಸಣ್ಣಗೇ ಬಂದರೆ ಪಂಪಿನ ತಪ್ಪಲ್ಲ, ಮೇಲಿನ ದಾರಿಯ ತಪ್ಪು.

ಹೊಸದನ್ನು ಹಾಕುವಾಗ ರೆಕ್ಕೆಗಳಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ, ಗ್ರೀಸ್ ಬೇಡ. ಮುಚ್ಚಳವನ್ನು ಮೆಲ್ಲಗೆ ಒತ್ತುತ್ತಾ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಶಾಫ್ಟನ್ನು ತಿರುಗಿಸಿ. ರೆಕ್ಕೆಗಳು ಸರಿಯಾದ ಕಡೆಗೆ ಬಾಗಿ ಒಳಗೆ ಕೂರುತ್ತವೆ. ಡಬ್ಬಿಯನ್ನು ಮತ್ತೆ ಏರಿಸುವಾಗ ನೀರಿನ ಪೈಪಿನ ತುದಿ ಪಂಪಿನ ಮೇಲಿನ ರಬ್ಬರ್ ಬುಷ್ಷಿನ ಒಳಗೇ ಇಳಿಯಬೇಕು. ಪಕ್ಕಕ್ಕೆ ಕೂತರೆ ಎಲ್ಲಾ ಬೋಲ್ಟು ಬಿಗಿಯಾಗುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಟಾರ್ಚ್ ಹಿಡಿದು ನೋಡುತ್ತಲೇ ಏರಿಸಿ. ಕೆರೆಯಲ್ಲಿ ಕೆಸರಿನ ನೀರು ಜಾಸ್ತಿ ಇರುವುದರಿಂದ ನಾನಾದರೆ ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಎರಡು ವರ್ಷಕ್ಕೆ ಚೆನ್ನಾಗಿ ಕಂಡರೂ ಬದಲಾಯಿಸುತ್ತೇನೆ.

ಇನ್ನು ಥರ್ಮೋಸ್ಟಾಟ್. ಕೆಲವು ಚಿಕ್ಕ ಮೋಟಾರುಗಳಲ್ಲಿ ಇದು ಇರುವುದೇ ಇಲ್ಲ. ಇದ್ದರೆ ಸಿಲಿಂಡರ್ ಹೆಡ್ಡಿನ ಮೇಲೋ ಪಕ್ಕದಲ್ಲೋ ಎರಡು ಮೂರು ಬೋಲ್ಟಿನ ಒಂದು ಪುಟ್ಟ ಮುಚ್ಚಳದ ಒಳಗಿರುತ್ತದೆ. ತಣ್ಣಗಿರುವಾಗ ಮುಚ್ಚಿಕೊಂಡು, ನಿಗದಿಯಾದ ಬಿಸಿಗೆ ಬಂದಾಗ ತೆರೆಯುವುದು ಇದರ ಕೆಲಸ. ಚಿಕ್ಕ ಔಟ್‌ಬೋರ್ಡುಗಳಲ್ಲಿ ಹೆಚ್ಚಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯಲು ಶುರುವಾಗುತ್ತದೆ. ಅಂಕಿ ಅದರ ಮೇಲೇ ಕೊರೆದಿರುವುದುಂಟು.

ಇದನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಹಳೆಯ ಟೀ ಪಾತ್ರೆಯಲ್ಲಿ ನೀರು ಇಡಿ. ಒಂದು ಹೊಲಿಗೆ ದಾರ ತೆಗೆದುಕೊಂಡು, ಥರ್ಮೋಸ್ಟಾಟಿನ ಬಾಯಿಯನ್ನು ಉಗುರಿನಿಂದ ಸ್ವಲ್ಪ ತೆರೆದು, ದಾರವನ್ನು ಒಳಗೆ ಇಟ್ಟು ಬಿಡಿ. ಬಾಯಿ ದಾರವನ್ನು ಕಚ್ಚಿಕೊಳ್ಳುತ್ತದೆ. ಹಾಗೇ ನೇತುಹಾಕಿ ನೀರಿನಲ್ಲಿ ಮುಳುಗಿಸಿ. ಪಾತ್ರೆಯ ತಳ ಮುಟ್ಟಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಡಿ, ಜ್ವರ ನೋಡುವುದು ಅಲ್ಲ, ಅಡುಗೆಗೆ ಬಳಸುವುದು. ಉರಿ ಸಣ್ಣಗಿರಲಿ. ನೀರು ಕಾಯುತ್ತಾ ಬಂದ ಹಾಗೆ ಒಂದು ಗಳಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಥರ್ಮೋಸ್ಟಾಟ್ ದಾರದಿಂದ ಕಳಚಿ 'ಟಣ್' ಎಂದು ತಳಕ್ಕೆ ಬೀಳುತ್ತದೆ. ಆ ಕ್ಷಣ ಎಷ್ಟು ಡಿಗ್ರಿ ಇತ್ತು ನೋಡಿ. ಬರೆದ ಅಂಕಿಯ ಆಸುಪಾಸಿದ್ದರೆ ಸರಿ. ನೀರು ಕುದಿದರೂ ಬೀಳದಿದ್ದರೆ ನಿಮ್ಮ ಕಳ್ಳ ಸಿಕ್ಕಿದ. ಥರ್ಮಾಮೀಟರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕುದಿಯುವ ನೀರಿನಲ್ಲೇ ಅದನ್ನು ಅಳೆಯಿರಿ. ಮಂಡ್ಯ, ಮೈಸೂರು ಸಮುದ್ರ ಮಟ್ಟಕ್ಕಿಂತ ಬಹಳ ಎತ್ತರದಲ್ಲಿವೆ, ಮೈಸೂರಂತೂ ಸುಮಾರು 770 ಮೀಟರ್. ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. 100 ತೋರಿಸಿದರೆ ಆ ಥರ್ಮಾಮೀಟರ್ ಎರಡು ಮೂರು ಡಿಗ್ರಿ ಜಾಸ್ತಿ ಹೇಳುತ್ತಿದೆ ಎಂದರ್ಥ.

ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ನಮ್ಮ ಊರಿನ ಸೆಕೆಗೆ ಅದು ಬೇಡ ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅದಿಲ್ಲದೆ ನಿಧಾನಕ್ಕೆ ಓಡುವಾಗ ಇಂಜಿನ್ ಬೇಕಾದಷ್ಟು ಕಾಯುವುದಿಲ್ಲ. ಪೆಟ್ರೋಲು ಸರಿಯಾಗಿ ಉರಿಯದೆ ಪ್ಲಗ್ಗು ಕಪ್ಪಾಗುತ್ತದೆ, ಇಂಗಾಲ ಕಟ್ಟುತ್ತದೆ. ಬಲೆ ಬಿಡುವಾಗ ನೀವು ಗಂಟೆಗಟ್ಟಲೆ ನಿಧಾನಕ್ಕೇ ಹೋಗುತ್ತೀರಿ. ಹೊಸದು ತಂದು ಹಾಕಿ, ಜೊತೆಗೆ ಹೊಸ ಗ್ಯಾಸ್ಕೆಟ್.

ಆ ಮುಚ್ಚಳ ತೆಗೆದಾಗ ಒಳಗಿನ ಗೋಡೆಯನ್ನು ನೋಡದೆ ಮುಚ್ಚಬೇಡಿ. ನಿಮ್ಮ ಮೋಟಾರು ಸಮುದ್ರದ್ದು ಎಂದು ಓದಿದಾಗ ನನ್ನ ಮನಸ್ಸು ನೇರವಾಗಿ ಅಲ್ಲಿಗೇ ಹೋಯಿತು. ಉಪ್ಪು ನೀರಿನಲ್ಲಿ ಓಡಿಸಿ, ದಿನಾ ಸಿಹಿ ನೀರಿನಲ್ಲಿ ತೊಳೆಯದೆ ಇಟ್ಟರೆ ಒಳಗಿನ ಸಂದುಗಳಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ನಿಧಾನದಲ್ಲಿ ಹರಿಯುವಷ್ಟು ನೀರಿಗೆ ದಾರಿ ಇರುತ್ತದೆ, ಜೋರಿನಲ್ಲಿ ಸಾಲುವುದಿಲ್ಲ. ಹಕ್ಕಳೆಯ ಒಂದು ಚೂರು ಕೆರೆದು ಬಿಸಿನೀರಿನ ಲೋಟಕ್ಕೆ ಹಾಕಿ. ಕರಗಿ ಹೋದರೆ ಅದು ಉಪ್ಪು. ಸಂತೋಷ ಪಡಿ, ಡ್ರಮ್ಮಿನಲ್ಲಿ ಸಿಹಿ ನೀರು ಬದಲಾಯಿಸುತ್ತಾ ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕೈದು ದಿನ ಓಡಿಸಿದರೆ ಬಹಳಷ್ಟು ಕರಗುತ್ತದೆ. ಬಿಸಿನೀರಿಗೆ ಕರಗದೆ, ನಿಂಬೆರಸ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣ. ಅದಕ್ಕೆ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ ಪುಡಿಯನ್ನು, ನೀರಿನಲ್ಲಿ ತೆಳ್ಳಗೆ ಕಲಸಿ, ಕೆಳಗಿನ ಡಬ್ಬಿ ಬಿಚ್ಚಿರುವಾಗ ಪೈಪಿನ ಮೂಲಕ ಒಳಗೆ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು, ಧಾರಾಳ ನೀರಿನಲ್ಲಿ ತೊಳೆಯಬೇಕು. ಎರಡಕ್ಕೂ ಜಗ್ಗದೆ ಬಿಳಿ ಪುಡಿಯಾಗಿ ಉದುರಿದರೆ ಅಲ್ಯೂಮಿನಿಯಮ್ಮೇ ಕೊರೆದು ಹೋಗಿದೆ. ಆಗ ಹೆಡ್ಡು ಬಿಚ್ಚಿಸಿ ಕೈಯಿಂದಲೇ ಸಂದು ಬಿಡಿಸಬೇಕು. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಹಾಕಬೇಡಿ. ಅದು ಹಕ್ಕಳೆಯ ಜೊತೆ ಇಂಜಿನ್ನನ್ನೂ ತಿನ್ನುತ್ತದೆ.

ಡ್ರಮ್ಮಿಗೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಬೋರಿನ ನೀರು ಬಹಳ ಕಡೆ ಗಡಸು. ಬಿಂದಿಗೆಯಲ್ಲಿ ಕಟ್ಟುವ ಹಾಗೆ ಮೋಟಾರಿನ ಒಳಗೂ ಸುಣ್ಣ ಕಟ್ಟುತ್ತದೆ. ನಾಲೆಯದೋ ಕೆರೆಯದೋ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿಸಿ.

ಬಿಸಿಗೆ ನೀರೊಂದೇ ಕಾರಣ ಅಲ್ಲ ಎಂಬುದೂ ನೆನಪಿರಲಿ. ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಆಯಿಲ್ ಕಡಿಮೆಯಾದರೂ ಇದೇ ಲಕ್ಷಣ. ಹಲವು ಮೋಟಾರುಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ನಿಮ್ಮ ಮಾಡೆಲ್ಲಿನ ಪುಸ್ತಕ ಏನು ಹೇಳುತ್ತದೆಯೋ ಅದೇ ಸರಿ. ಮಾರಿದವರನ್ನು ಇನ್ನೊಂದು ಮಾತು ಕೇಳಿ: ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದರಾ? ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಮೋಟಾರುಗಳು ಸಾಮಾನ್ಯ. ಹೌದು ಎಂದರೆ ಒಳಗೆ ಇಂಗಾಲ ದಪ್ಪಗೆ ಕೂತಿರುವ ಸಾಧ್ಯತೆ ಇದೆ.

ಎಲ್ಲ ಮುಗಿದ ಮೇಲೆ ಕೆರೆಗೆ ಇಳಿಯಿರಿ. ಲೈಫ್ ಜಾಕೆಟ್ ಹಾಕಿಕೊಂಡು, ಎರಡು ಹುಟ್ಟು ಇಟ್ಟುಕೊಂಡು, ದಡದ ಹತ್ತಿರವೇ ಓಡಿಸಿ. ಈಗ ಅಂಗಡಿಗಳಲ್ಲಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಇದ್ದರೆ ಒಳ್ಳೆಯದು. ಹೊಳೆಯುವ ಅಲ್ಯೂಮಿನಿಯಮ್ಮಿಗೆ ನೇರವಾಗಿ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಹೆಡ್ಡಿನ ಮೇಲೆ ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದಕ್ಕೆ ಹಿಡಿಯಿರಿ. ಮೊದಲು ಐದು ನಿಮಿಷ ನಿಧಾನ, ಆಮೇಲೆ ಐದು ನಿಮಿಷ ಅರ್ಧ ವೇಗ, ಕೊನೆಗೆ ಪೂರ್ತಿ. ಪ್ರತಿ ಸಲ ಮೋಟಾರು ನಿಧಾನ ಮಾಡಿದ ಕೂಡಲೇ ಅಳೆಯಿರಿ. 60-70ರ ಆಸುಪಾಸಿನಲ್ಲಿ ನಿಂತರೆ ಸರಿ. ನಿಲ್ಲದೆ ಏರುತ್ತಲೇ ಹೋಗಿ 90ರ ಹತ್ತಿರ ಬಂದರೆ ಆಫ್ ಮಾಡಿ. ಗನ್ ಇಲ್ಲದಿದ್ದರೆ ಬೆರಳಿನಿಂದ ಒಂದು ಹನಿ ನೀರು ಹೆಡ್ಡಿಗೆ ಚಿಮುಕಿಸಿ. ಸುಮ್ನೆ ಹರಿದು ಹೋದರೆ ತೊಂದರೆ ಇಲ್ಲ. ದೋಸೆ ಕಾವಲಿಯ ಮೇಲೆ ಬಿದ್ದ ಹಾಗೆ ಚುರ್ ಎಂದರೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಬಿಸಿ ಹೆಡ್ಡಿಗೆ ಕೆರೆ ನೀರು ಎರಚಬೇಡಿ, ಹೆಡ್ಡು ಸೊಟ್ಟಗಾಗುತ್ತದೆ. ಅದರಷ್ಟಕ್ಕೆ ಆರಲು ಬಿಟ್ಟು, ಹುಟ್ಟು ಹಾಕಿಕೊಂಡು ಬನ್ನಿ.

ಇಷ್ಟಾದ ಮೇಲೆ ಪಿಸ್ಟನ್ ಮಾತು. ಇಂಜಿನ್ ಬಿಚ್ಚುವ ಮೊದಲು ನಿಮ್ಮ ಮೆಕ್ಯಾನಿಕ್ಕಿಗೇ ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಗೇಜ್, ಹಾಕಿ ನೋಡಲು ಹೇಳಿ, ಬೈಕಿನ ಗೇಜೇ ಸಾಕು, ಪ್ಲಗ್ಗಿನ ಮರೆ ಹೊಂದಬೇಕು ಅಷ್ಟೇ. ಎರಡು ಸಿಲಿಂಡರ್ ಇದ್ದರೆ ಎರಡರ ಅಂಕಿಯೂ ಹತ್ತಿರ ಹತ್ತಿರ ಇರಬೇಕು. ನೂರಕ್ಕೆ ಹತ್ತರಷ್ಟು ವ್ಯತ್ಯಾಸ ದಾಟಿದರೆ ಕಡಿಮೆ ಇರುವ ಸಿಲಿಂಡರಿನ ಪ್ಲಗ್ಗು ನೋಡಿ. ತೊಳೆದಿಟ್ಟ ಹಾಗೆ ಬೆಳ್ಳಗೆ, ಶುಭ್ರವಾಗಿದ್ದರೆ ಒಳಗೆ ನೀರು ನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ಡಷ್ಟೇ ಬಿಚ್ಚಿದರೆ ಸಾಕಾಗುತ್ತದೆ. ಪ್ಲಗ್ಗಿನ ತುದಿಯಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಹರಳುಗಳು ಅಂಟಿದ್ದರೆ ಪಿಸ್ಟನ್ ಕರಗಲು ಶುರುವಾಗಿದೆ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಹಾಗೆ ಇಂಜಿನ್ ಬಿಚ್ಚಿಸಲೇಬೇಕು. ಹಲಗೆಯ ಅಳತೆ, ಬಾಟಲಿ ತುಂಬಿದ ಸೆಕೆಂಡು, ಗೇಜಿನ ಎರಡು ಅಂಕಿ, ಇವಿಷ್ಟನ್ನು ಬರೆದು ಕಳಿಸಿ. ಮುಂದೇನು ಮಾಡಬೇಕು ಎಂದು ಹೇಳುತ್ತೇನೆ.